ಕಟ್ಟೆ ಎತ್ತರ ಎಷ್ಟು?

(ಕಳೆದ ತಿಂಗಳು ಒಂದು ಭಾನುವಾರ ಬೆಳಗ್ಗೆ ದಾವಣಗೆರೆಯ ಹಳೇಪೇಟೆಯಲ್ಲಿ ಇಲ್ಲಿನ ಒಂದು ಹಳೇ ಗೋದಾಮಿನ ಬಗ್ಗೆ ಆಡಿದ ಮಾತು. ಕರೆಂಟ್ ಹೋಗಿ ಅರ್ಧ ಹೊತ್ತು ಮೈಕ್ ಇರಲಿಲ್ಲ. ಹಿಂದೆ ಕೂತವರಿಗೆ ಏನೂ ಕೇಳಿಸಲಿಲ್ಲವಂತೆ. ಅದಕ್ಕೇ ಬರೆದು ಕೊಡುತ್ತಿದ್ದೇನೆ. ಕೊನೆಯಲ್ಲಿ ನಡೆದದ್ದನ್ನೂ ಸೇರಿಸಿದ್ದೇನೆ.)

ಇಲ್ಲಿಗೆ ಬರುವಾಗ ಆಟೋದವನಿಗೆ ಹಗೇದಿಬ್ಬ ಸರ್ಕಲ್ ಅಂದೆ. ಇನ್ನೂ ಮೀಸೆ ಬಲಿಯದ ಹುಡುಗ. ದಾರಿಯಲ್ಲಿ ಸುಮ್ನೆ ಕೇಳಿದೆ, ಹಗೆ ಅಂದ್ರೆ ಏನಪ್ಪ ಅಂತ. "ಹಗೆ ಅಂದ್ರೆ ದ್ವೇಷ ಅಲ್ವಾ ಸಾರ್? ಹಿಂದೆ ಇಲ್ಲಿ ಜಾಸ್ತಿ ಹೊಡೆದಾಟ ಆಗ್ತಿತ್ತೇನೋ" ಅಂದ.

ನಗಬೇಡಿ. ಅವನ ತಪ್ಪಲ್ಲ ಅದು. ಹಗೇವು ನೋಡಿದವರು ಈ ಸಭೆಯಲ್ಲಿ ಎಷ್ಟು ಜನ ಇದ್ದೀರಿ? ನಾಲ್ಕು ಕೈ ಎದ್ದಿವೆ. ಆ ನಾಲ್ವರ ತಲೆಯೂ ನನ್ನದರ ಹಾಗೆ ಬಿಳಿಯೇ.

ಹಗೇವು ಅಂದರೆ ನೆಲದೊಳಗಿನ ಕಣಜ. ನೀರು ನಿಲ್ಲದ ದಿಬ್ಬ ನೋಡಿ ಗುಂಡಿ ತೋಡುತ್ತಿದ್ದರು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಗಡಿಗೆಯ ಹಾಗೆ. ಒಳಗೆ ಸುತ್ತಲೂ ಹುಲ್ಲು ಹೊದಿಸಿ ಜೋಳವನ್ನೋ ರಾಗಿಯನ್ನೋ ತುಂಬಿ, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತುತ್ತಿದ್ದರು. ಒಳಗಿನ ಗಾಳಿ ಕೆಡುತ್ತಿತ್ತು, ಹುಳ ಸಾಯುತ್ತಿತ್ತು, ಕಾಳು ಉಳಿಯುತ್ತಿತ್ತು. ತೆಗೆಯುವಾಗ ಮಾತ್ರ ಜೋಪಾನ. ಬಾಯಿ ತೆರೆದು ಬಿಟ್ಟು, ದೀಪ ಇಳಿಸಿ ನೋಡಿ, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಅವಸರಕ್ಕೆ ಬಿದ್ದು ಇಳಿದು ಸತ್ತವರಿದ್ದಾರೆ.

ಹಾಗಾಗಿ ಹಗೇದಿಬ್ಬ ಅಂದರೆ ಕಾಳು ಕೂಡಿಟ್ಟ ದಿಬ್ಬ. ಹೆಸರೇ ಹೇಳುತ್ತಿದೆ. ನಮ್ಮ ಊರಿನ ಮೊದಲ ಗೋದಾಮಿನ ಗುರುತು ಒಂದು ಸರ್ಕಲ್ಲಿನ ಹೆಸರಲ್ಲಿ ಉಳಿದಿದೆ. ಎರಡನೇ ತಲೆಮಾರಿನ ಗೋದಾಮು ಇನ್ನೂ ನಿಂತಿದೆ. ಇವತ್ತು ಮಾತಾಡಬೇಕಿರುವುದು ಅದರ ಬಗ್ಗೆ.

ನಾನು ಇತಿಹಾಸ ಓದಿದವನಲ್ಲ. ಮೂವತ್ತೊಂದು ವರ್ಷ ಹುಡುಗರಿಗೆ ಬಿಲ್ಡಿಂಗ್ ಡ್ರಾಯಿಂಗ್ ಹೇಳಿಕೊಟ್ಟ ಮೇಷ್ಟ್ರು. ನಮ್ಮಪ್ಪ ಮಂಡಿಯಲ್ಲಿ ಗುಮಾಸ್ತರಾಗಿದ್ದರು, ಕಿರ್ದಿ ಬರೆಯುತ್ತಿದ್ದರು. ಅಪ್ಪನ ಕಡೆಯಿಂದ ಒಂದಷ್ಟು, ಟೇಪು ಹಿಡಿದ ಕೈಯಿಂದ ಒಂದಷ್ಟು. ನನಗೆ ಗೊತ್ತಿರುವುದು ಅಷ್ಟೇ.

ನೆಂಟರು ಬಂದಾಗ ನಾವು ಏನು ತೋರಿಸುತ್ತೇವೆ? ಬೆಣ್ಣೆದೋಸೆ ತಿನ್ನಿಸುತ್ತೇವೆ, ಗ್ಲಾಸ್ ಹೌಸಿಗೆ ಕರೆದುಕೊಂಡು ಹೋಗುತ್ತೇವೆ. ಜಾಸ್ತಿ ದಿನ ಉಳಿದರೆ ಚಿತ್ರದುರ್ಗದ ಬಸ್ಸು ಹತ್ತಿಸುತ್ತೇವೆ. ದುರ್ಗಕ್ಕೆ ಕೋಟೆ ಇದೆ, ನಮಗೆ ಇಲ್ಲ. ಆದರೆ ಒಂದು ತಮಾಷೆ ನೋಡಿ. ಆ ಕೋಟೆಯೊಳಗೆ ಗೈಡ್ ನಿಲ್ಲಿಸಿ ತೋರಿಸುವ ಜಾಗಗಳಲ್ಲಿ ಕಣಜ ಒಂದು, ಎಣ್ಣೆಕೊಳ ಒಂದು. ಎರಡೂ ಉಗ್ರಾಣಗಳೇ! ಅಲ್ಲಿ ಟಿಕೆಟ್ ಕೊಟ್ಟು ಬಗ್ಗಿ ನೋಡುತ್ತೇವೆ. ಇಲ್ಲಿ ಅದೇ ಕೆಲಸ ಮಾಡಿದ ಕಟ್ಟಡದ ಮುಂದೆ ಬೈಕ್ ನಿಲ್ಲಿಸಿ ಹೋಗುತ್ತೇವೆ.

ದಾವಣಗೆರೆ ರಾಜರ ಊರಲ್ಲ. ಪಕ್ಕದ ಬೇತೂರು ದೊಡ್ಡದಾಗಿದ್ದ ಕಾಲದಲ್ಲಿ ಇದು ಅದರ ಮಗ್ಗುಲಿನ ಹಳ್ಳಿ. ಹೈದರಾಲಿ ಇದನ್ನು ಅಪ್ಪೋಜಿರಾಮ ಎಂಬ ಮರಾಠ ಸರದಾರನಿಗೆ ಜಹಗೀರು ಕೊಟ್ಟ. ಆತ ವ್ಯಾಪಾರಿಗಳನ್ನು ಕರೆದು ಕೂರಿಸಿದ. ಊರು ಬೆಳೆದದ್ದು ಹಾಗೆ. 1801ರಲ್ಲಿ ಬುಕಾನನ್ ಎಂಬ ಸ್ಕಾಟ್ಲೆಂಡಿನ ಡಾಕ್ಟರ್ ಈ ದಾರಿಯಲ್ಲಿ ಬಂದಾಗ ಇಲ್ಲಿನ ಕಂಬಳಿ ವ್ಯಾಪಾರದ ಬಗ್ಗೆ ಬರೆದುಕೊಂಡ. ಮಲೆನಾಡಿನ ಅಡಿಕೆ, ಮೆಣಸು ಇಲ್ಲಿಗೆ ಬಂದು, ಇಲ್ಲಿಂದ ಆರ್ಕಾಟಿನ ಹತ್ತಿರದ ವಾಲಾಜಾಪೇಟೆಗೆ ಹೋಗುತ್ತಿತ್ತು ಅಂತ ಲೂಯಿ ರೈಸ್ ಗೆಜೆಟಿಯರಿನಲ್ಲಿ ಬರೆದಿದ್ದಾರೆ. ಎತ್ತಿನ ಗಾಡಿಯಲ್ಲಿ ವಾಲಾಜಾಪೇಟೆ! ಈಗ ನಾವು ಹರಿಹರಕ್ಕೆ ಹೋಗಬೇಕಾದರೂ ಏಸಿ ಬಸ್ ಇದೆಯಾ ನೋಡುತ್ತೇವೆ.

ಇಲ್ಲಿಯೇ ಯಾಕೆ ಅನ್ನುವುದಕ್ಕೆ ನಕ್ಷೆ ನೋಡಿದರೆ ಸಾಕು. ಆಗ ನಾವು ಮೈಸೂರು ಸಂಸ್ಥಾನ. ಹರಿಹರದ ಹೊಳೆ ದಾಟಿದರೆ ರಾಣೆಬೆನ್ನೂರು, ಅದು ಮುಂಬಯಿ ಪ್ರಾಂತ. ಈ ಕಡೆ ಹರಪನಹಳ್ಳಿ, ಅದು ಮದ್ರಾಸ್ ಪ್ರಾಂತ. (ಹರಪನಹಳ್ಳಿಯ ಪಾಡು ಬಿಡಿ, ಸ್ವಾತಂತ್ರ್ಯ ಬಂದ ಮೇಲೂ ಅದು ಜಿಲ್ಲೆ ಬದಲಿಸುತ್ತಲೇ ಇದೆ.) ಮೂರು ಸರ್ಕಾರಗಳ ಮಾಲು ಬಂದು ಕೈ ಬದಲಾಯಿಸುವ ಜಾಗ ಇದು. ಕೈ ಬದಲಾಗಲು ಒಂದೆರಡು ವಾರ ಬೇಕು, ಕೆಲವು ಸಲ ಒಂದೆರಡು ತಿಂಗಳು. ಅಷ್ಟು ದಿನ ಮಾಲು ಎಲ್ಲಿರಬೇಕು? ಗೋದಾಮಿನಲ್ಲಿ. 1880ರ ದಶಕದ ಕೊನೆಗೆ ರೈಲು ಬಂತು. ಸ್ಟೇಷನ್ನು ಪೇಟೆಯ ಮಗ್ಗುಲಲ್ಲೇ. ಆಮೇಲೆ ಹತ್ತಿ, ಜಿನ್ನಿಂಗು, ಮಿಲ್ಲು, 'ಕರ್ನಾಟಕದ ಮ್ಯಾಂಚೆಸ್ಟರ್' ಅನ್ನುವ ಹೆಸರು. ಆ ಕಥೆ ನಿಮಗೆ ಗೊತ್ತೇ ಇದೆ. ಬಿನ್ನಿ ಕಂಪನಿ ಹೋಗಿ ರಸ್ತೆಯ ಹೆಸರು ಉಳಿದಿದೆ, ಕಾಟನ್ ಮಿಲ್ ಹೋಗಿ ಡಿ.ಸಿ.ಎಂ. ಟೌನ್‌ಶಿಪ್ ಆಗಿದೆ.

ಈಗ ಆ ಗೋದಾಮಿಗೆ ಬರೋಣ. ಮಂಡಿಪೇಟೆಯ ಕಡೆ ಇದೆ ಅಂತ ಮಾತ್ರ ಹೇಳುತ್ತೇನೆ. ಯಾರದು, ಎಷ್ಟನೇ ನಂಬರು ಅಂತ ಹೇಳುವುದಿಲ್ಲ. ಅವರ ಮನೆಯಲ್ಲಿ ಪಾಲಿನ ವ್ಯಾಜ್ಯ ನಡೆಯುತ್ತಿದೆ, ನಾನು ಬಾಯಿ ಬಿಟ್ಟರೆ ಟೇಪು ಹಿಡಿದು ಒಳಗೆ ಹೋಗುವುದು ಅಷ್ಟಕ್ಕೇ ನಿಲ್ಲುತ್ತದೆ.

ಮುಂಭಾಗ 38 ಅಡಿ, ಹಿಂದಕ್ಕೆ 112 ಅಡಿ. ಹೊರಗಿನಿಂದ ನೋಡಿದರೆ ಚೆಲುವೇನೂ ಇಲ್ಲ. ಕಮಾನಿಲ್ಲ, ಗಾರೆಯ ಹೂವಿಲ್ಲ, ಸಿಂಹವಿಲ್ಲ. ಒಂದು ಉದ್ದನೆಯ ಕಟ್ಟೆ, ನಾಲ್ಕು ಹಲಗೆ ಬಾಗಿಲು, ಮೇಲೆ ಸೂರಿಗೆ ತಾಗಿದ ಹಾಗೆ ಸಣ್ಣ ಸಣ್ಣ ಗವಾಕ್ಷಿ. ಅಷ್ಟೇ. ಒಬ್ಬ ಶಿಷ್ಯನನ್ನು ಕರೆದುಕೊಂಡು ಹೋಗಿದ್ದೆ. "ಸಾರ್, ಇದರಲ್ಲಿ ಹೆರಿಟೇಜ್ ಎಲ್ಲಿದೆ?" ಅಂದ. ಒಳಗೆ ಬಾ ಅಂದೆ.

ಒಳಗೆ ಕಾಲಿಟ್ಟರೆ ಏಪ್ರಿಲ್ ತಿಂಗಳ ಮಧ್ಯಾಹ್ನವೂ ತಣ್ಣಗಿರುತ್ತದೆ. ಗೋಡೆ ಎರಡೂಕಾಲು ಅಡಿ ದಪ್ಪ. ಕೆಳಗೆ ಕಲ್ಲು, ಮೇಲೆ ಇಟ್ಟಿಗೆ, ಎಲ್ಲವೂ ಸುಣ್ಣದ ಗಾರೆಯಲ್ಲಿ. ಕಿಟಕಿ ಕೆಳಗಿಲ್ಲ, ಕೆಳಗಿದ್ದರೆ ಕಳ್ಳನಿಗೆ ಅನುಕೂಲ, ಮಳೆಯ ಎರಚಲಿಗೂ ಅನುಕೂಲ. ಮೇಲಿನ ಗವಾಕ್ಷಿಯಿಂದ ಬಿಸಿ ಗಾಳಿ ಹೋಗುತ್ತದೆ, ಬಾಗಿಲ ಸಂದಿಯಿಂದ ತಂಪು ಗಾಳಿ ಬರುತ್ತದೆ. ನೆಲಕ್ಕೆ ಚಪ್ಪಡಿ ಹಾಸಿ ಸಂದಿಗೆ ಗಾರೆ ತುಂಬಿದ್ದಾರೆ, ಹೆಗ್ಗಣ ಕೊರೆಯಬಾರದು. ಚೀಲ ನೇರ ನೆಲಕ್ಕೆ ಇಡುವುದಿಲ್ಲ, ಕೆಳಗೆ ಮರದ ಹಲಗೆ. ಗೋಡೆಗೂ ತಾಗಿಸುವುದಿಲ್ಲ, ಮೊಳದಷ್ಟು ಬಿಡುತ್ತಾರೆ. ನಮ್ಮಪ್ಪ ಹೇಳುತ್ತಿದ್ದರು: ಗೋಡೆಗೆ ಒರಗಿದ ಚೀಲ, ಗೋಡೆಗೆ ಒರಗಿದ ಗುಮಾಸ್ತ, ಎರಡೂ ಬೇಗ ಕೆಡುತ್ತವೆ.

ಸುಣ್ಣದ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ. ಸುಣ್ಣದ ಗೋಡೆ ಮಳೆಗಾಲದಲ್ಲಿ ತೇವ ಕುಡಿಯುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಕಾಳು ಇಡುವ ಜಾಗಕ್ಕೆ ಇದಕ್ಕಿಂತ ಬೇರೆ ಬೇಕಿಲ್ಲ. ಇವತ್ತು ಮೆಕ್ಕೆಜೋಳದಲ್ಲಿ ತೇವ ನೂರಕ್ಕೆ 14ರ ಒಳಗಿರಬೇಕು ಅಂತ ಮೀಟರ್ ಚುಚ್ಚಿ ನೋಡುತ್ತಾರೆ. ಆಗ ಹಲ್ಲಲ್ಲಿ ಕಡಿದು ನೋಡುತ್ತಿದ್ದರು. ಆದರೆ ಕಟ್ಟಡಕ್ಕೆ ತೇವದ ಲೆಕ್ಕ ಗೊತ್ತಿತ್ತು. ಈ ಗೋದಾಮಿನ ಪಶ್ಚಿಮದ ಗೋಡೆಗೆ ಯಾರೋ ಒಳ್ಳೇದಾಗಲಿ ಅಂತ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ದಾರೆ. ತೇವ ಒಳಗೇ ಸಿಕ್ಕಿಬಿತ್ತು. ಉಪ್ಪು ಬಂದು ಇಟ್ಟಿಗೆ ಪುಡಿ ಆಗುತ್ತಿದೆ. ಕಟ್ಟಡದಲ್ಲಿ ನಿಜವಾಗಿ ಹಾಳಾದ ಗೋಡೆ ಅದೊಂದೇ. ಅದನ್ನೇ ತೋರಿಸಿ "ನೋಡಿ ಸಾರ್, ಬಿಲ್ಡಿಂಗ್ ಶಿಥಿಲ ಆಗಿದೆ" ಅನ್ನುತ್ತಾರೆ. ಔಷಧಿಯಿಂದ ಬಂದ ಕಾಯಿಲೆ ಅದು.

ವಯಸ್ಸು ಎಷ್ಟು? ಕಾಗದ ಪತ್ರ ಕೋರ್ಟಿನಲ್ಲಿದೆ. ಹಾಗಾಗಿ ಕಟ್ಟಡವನ್ನೇ ಕೇಳಬೇಕಾಯಿತು. ಮುಂಭಾಗ ಮದ್ರಾಸ್ ತಾರಸಿ, ಅಂದರೆ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿದ ಮಟ್ಟಸ ಮಾಳಿಗೆ. ಹಿಂಭಾಗ ಮಂಗಳೂರು ಹೆಂಚು. ಹೆಂಚು ಮಗುಚಿ ನೋಡಿದರೆ ಅದರ ಬೆನ್ನ ಮೇಲೆ ಕಂಪನಿಯ ಮುದ್ರೆ ಇರುತ್ತದೆ. ಬಾಸೆಲ್ ಮಿಷನ್ ಎಂಬ ಜರ್ಮನ್, ಸ್ವಿಸ್ ಪಾದ್ರಿಗಳ ಸಂಸ್ಥೆಯವರು ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಮೊದಲ ಮಹಾಯುದ್ಧದ ಹೊತ್ತಿಗೆ ಅವರು ಶತ್ರುಗಳ ಕಡೆಯವರು ಅಂತ ಬ್ರಿಟಿಷರು ಕಾರ್ಖಾನೆ ಕಿತ್ತುಕೊಂಡರು, ಅದು ಕಾಮನ್‌ವೆಲ್ತ್ ಟ್ರಸ್ಟ್ ಆಯಿತು. ಅಂದರೆ ಮುದ್ರೆ ನೋಡಿದರೆ ಹೆಂಚು ಯುದ್ಧಕ್ಕೆ ಮೊದಲಿನದೋ ಆಮೇಲಿನದೋ ಗೊತ್ತಾಗುತ್ತದೆ. ಇಲ್ಲಿ ಎರಡೂ ಸಿಕ್ಕಿವೆ. ಒಡೆದ ಹೆಂಚು ಬದಲಿಸುವುದು, ಇನ್ನೊಂದು ಮನೆಯ ಹೆಂಚು ತಂದು ಹಾಕುವುದು ಮಾಮೂಲು. ಹಾಗಾಗಿ ಇಷ್ಟೇ ವರ್ಷ ಅಂತ ನಾನು ಆಣೆ ಮಾಡುವುದಿಲ್ಲ. ತಾರಸಿಯ ಕೆಳಗೆ ಕಬ್ಬಿಣದ ತೊಲೆ. ತುಕ್ಕು ಉಜ್ಜಿದಾಗ ಡಾರ್ಮನ್ ಲಾಂಗ್ ಅಂತ ಅಕ್ಷರ ಕಂಡಿತು. ಇಂಗ್ಲೆಂಡಿನ ಮಿಡಲ್ಸ್‌ಬರೋ ಊರಿನ ಕಂಪನಿ, ಆಸ್ಟ್ರೇಲಿಯಾದ ಸಿಡ್ನಿ ಹಾರ್ಬರ್ ಸೇತುವೆ ಕಟ್ಟಿದ್ದು ಇವರೇ. ಇಂಗ್ಲೆಂಡಿನಿಂದ ಹಡಗು ಹತ್ತಿ, ಆಮೇಲೆ ರೈಲು ಹತ್ತಿ ಬಂದ ತೊಲೆಯ ಕೆಳಗೆ ನಮ್ಮ ಜಗಳೂರಿನ ಶೇಂಗಾ ಚೀಲ. ಆ ಶಿಷ್ಯ ಅಲ್ಲಿಯವರೆಗೆ ಮೊಬೈಲ್ ನೋಡುತ್ತಿದ್ದ. ಆಗ ಜೇಬಿಗೆ ಹಾಕಿಕೊಂಡ.

ತೊಲೆಯಲ್ಲಿ ಒಂದು ಕೊಂಡಿ ಇದೆ. ತಕ್ಕಡಿ ತೂಗುಹಾಕುತ್ತಿದ್ದ ಕೊಂಡಿ. ಅದರ ಪಕ್ಕದ ಗೋಡೆಯಲ್ಲಿ ಇದ್ದಿಲಿನ ಗೆರೆಗಳು, ಮಣದ ಲೆಕ್ಕ. ಕಿಲೋ ಬಂದದ್ದು 1958ರಿಂದ ಈಚೆಗೆ. ಆದ್ದರಿಂದ ಆ ಗೆರೆಗಳು ಅದಕ್ಕೂ ಹಳೆಯವೇ ಇರಬೇಕು. ಯಾರೂ ಸುಣ್ಣ ಬಳಿಯದೆ ಬಿಟ್ಟದ್ದು ಪುಣ್ಯ. ಕಾಳು ಅಳೆಯುವವರು ಒಂದು ಅನ್ನುತ್ತಿರಲಿಲ್ಲ, "ಲಾಭ" ಅನ್ನುತ್ತಿದ್ದರು. ಲಾಭ, ಎರಡು, ಮೂರು, ನಾಲ್ಕು. ಚಿಕ್ಕವನಿದ್ದಾಗ ನಾನು ಶಾಲೆಯಲ್ಲಿ ಹಾಗೇ ಎಣಿಸಿ ಕೈಗೆ ಏಟು ತಿಂದಿದ್ದೇನೆ.

ಆದರೆ ಇದನ್ನೆಲ್ಲ ಹೇಳುತ್ತಾ ಹೋದರೆ ಗೋದಾಮು ದೇವಸ್ಥಾನದ ಹಾಗೆ ಕೇಳಿಸುತ್ತದೆ. ಅದು ದೇವಸ್ಥಾನ ಅಲ್ಲ. ಅದೇ ಕಟ್ಟೆಯ ಮೇಲೆ ದಲಾಲರೂ ಖರೀದಿದಾರರೂ ಟವೆಲ್ಲಿನ ಕೆಳಗೆ ಕೈ ಹಾಕಿ ಬೆರಳು ಹಿಸುಕಿ ರೇಟು ಮಾತಾಡುತ್ತಿದ್ದರು. ಮಾಲು ತಂದ ರೈತ ಎದುರಿಗೇ ನಿಂತಿರುತ್ತಿದ್ದ. ತನ್ನ ಕಡಲೆಗೆ ಎಷ್ಟು ಬೆರಳು ಬಿತ್ತು ಅಂತ ಅವನಿಗೇ ಗೊತ್ತಾಗುತ್ತಿರಲಿಲ್ಲ. ಆಮೇಲೆ ಸೂಟು ಅಂತ ತೂಕದಲ್ಲಿ ಕಡಿತ, ಧರ್ಮಕ್ಕೆ ಅಂತ ಒಂದಿಷ್ಟು, ಹಮಾಲಿ ಒಂದಿಷ್ಟು. ಎಲ್ಲ ಕಳೆದು ಲೆಕ್ಕದ ಪಟ್ಟಿ ಕೈಗೆ ಬರುವಾಗ ರೈತನ ಮುಖ ಹೇಗಿರುತ್ತಿತ್ತು ಅಂತ ಅಪ್ಪ ಒಂದೇ ಸಲ ಹೇಳಿದರು, ಮತ್ತೆ ಹೇಳಲಿಲ್ಲ. ಪಟ್ಟಿ ಬರೆಯುತ್ತಿದ್ದ ಕೈ ಅವರದೇ ಅಲ್ವಾ. ಹಾಗೆಯೇ ವ್ಯಾಪಾರದ ದುಡ್ಡಿನಿಂದಲೇ ಈ ಊರಿಗೆ ರಾಜನಹಳ್ಳಿ ಹನುಮಂತಪ್ಪ ಛತ್ರ ಬಂತು, ಚಿಗಟೇರಿ ಆಸ್ಪತ್ರೆ ಬಂತು. ಈ ಮಾತೂ ನಿಜ, ಆ ಮಾತೂ ನಿಜ. ಕಟ್ಟೆ ಉಳಿದರೆ ಎರಡನ್ನೂ ಅದರ ಮೇಲೇ ಕೂತು ಹೇಳಬಹುದು. ಕಟ್ಟೆ ಹೋದರೆ ಛತ್ರದ ಕಲ್ಲಿನಲ್ಲಿ ಬರೆದದ್ದು ಮಾತ್ರ ಉಳಿಯುತ್ತದೆ. ನನಗೆ ಈ ಗೋದಾಮು ಬೇಕಾಗಿರುವುದು ಮುಖ್ಯವಾಗಿ ಇದಕ್ಕೇ.

ಗೋದಾಮು ಖಾಲಿ ಆದದ್ದು ಹೇಗೆ ಅಂತ ದೊಡ್ಡ ಕಥೆ ಬೇಕಿಲ್ಲ. 1966ರ ಕೃಷಿ ಮಾರುಕಟ್ಟೆ ಕಾಯ್ದೆ ಬಂತು, ವ್ಯಾಪಾರ ಎಪಿಎಂಸಿ ಯಾರ್ಡಿಗೆ ಹೋಯಿತು, ಟವೆಲ್ ಹೋಗಿ ಟೆಂಡರ್ ಬಂತು. ಒಳ್ಳೆಯದೇ ಆಯಿತು. ಲಾರಿ ದೊಡ್ಡದಾಯಿತು, ರಸ್ತೆ ಹಾಗೇ ಉಳಿಯಿತು. ಈಗ ಅದರಲ್ಲಿ ಅರ್ಧ ಭಾಗ ಪ್ಲಾಸ್ಟಿಕ್ ಕೊಡ, ಕುರ್ಚಿ. ಇನ್ನರ್ಧ ಪಾರಿವಾಳ.

ಹಾಗಾದರೆ ಉಳಿಸುವುದು ಹೇಗೆ? ಕಾನೂನಿನ ಮಾತು ಬಂದ ತಕ್ಷಣ ಮಾಲೀಕರು ಹೆದರುತ್ತಾರೆ. ಅವರು ಕೇಳಿರುವುದು ಒಂದೇ: ಪುರಾತತ್ವದವರು ಬೋರ್ಡ್ ಹಾಕಿದರೆ ನೂರು ಮೀಟರಿನಲ್ಲಿ ಯಾರೂ ಇಟ್ಟಿಗೆ ಇಡುವ ಹಾಗಿಲ್ಲ. ಅದು 1958ರ ಕೇಂದ್ರ ಕಾಯ್ದೆಯ ಕೆಳಗೆ ಬರುವ ಸ್ಮಾರಕಗಳಿಗೆ, ದುರ್ಗದ ಕೋಟೆಯಂಥದ್ದಕ್ಕೆ. ಮಂಡಿಪೇಟೆಯ ಗೋದಾಮಿಗೆ ಆ ಉಡುಪು ಹಿಡಿಸುವುದಿಲ್ಲ. ನಮಗೆ ಬೇಕಾದದ್ದು ಊರಿನ ಮಾಸ್ಟರ್ ಪ್ಲಾನಿನಲ್ಲಿ ಒಂದು ಪಟ್ಟಿ: ಇಂಥ ಕಟ್ಟಡದ ಮುಂಭಾಗ, ಕಟ್ಟೆ, ತೊಲೆ ಕೆಡಿಸಬೇಡಿ, ಒಳಗೆ ನಿಮ್ಮ ವ್ಯಾಪಾರ ನಡೆಸಿ ಅನ್ನುವಂಥದ್ದು. ಮತ್ತೆ, ಅದಕ್ಕೆ ಬದಲು ಮಾಲೀಕನಿಗೆ ತೆರಿಗೆಯಲ್ಲೋ ಇನ್ನೊಂದರಲ್ಲೋ ಏನಾದರೂ ಸಿಗಬೇಕು. ಬರೀ ಹೆಮ್ಮೆ ಪಡಿ ಅಂದರೆ ಆಗುವುದಿಲ್ಲ. ಅಡಿಗೆ ಇಷ್ಟು ಸಾವಿರ ಅಂತ ದಿನಾ ಯಾರಾದರೂ ಬಂದು ಕೇಳುವ ಜಾಗ ಅದು.

ಸುಮ್ಮನಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಮೈಸೂರು ನೋಡಿ. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ಕು ಜನ ಸತ್ತರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಕೆಡವಬೇಕೋ ಉಳಿಸಬೇಕೋ ಅಂತ ಜಗಳ ಆಮೇಲೂ ವರ್ಷಗಟ್ಟಲೆ ನಡೆಯಿತು. ಎರಡೂ ಸಲ ಮಳೆಗಾಲವೇ. ಬಾಯಿ ಬಿಟ್ಟ ತಾರಸಿಗೆ ಮಳೆಗಾಲಕ್ಕೆ ಮೊದಲು ಗಾರೆ ಹಾಕುವುದು ದೊಡ್ಡ ಖರ್ಚಲ್ಲ, ದೊಡ್ಡ ವಿದ್ಯೆಯೂ ಅಲ್ಲ.

ಕೊಚ್ಚಿ ಇನ್ನೊಂದು ದಾರಿ ತೋರಿಸಿದೆ. ಅಲ್ಲಿನ ಆಸ್ಪಿನ್‌ವಾಲ್ ಹೌಸ್, ಪೆಪ್ಪರ್ ಹೌಸ್ ಎಲ್ಲ ಹಳೇ ಕಾಲದ ಮಾಲಿನ ಕಟ್ಟಡಗಳು. 2012ರಿಂದ ಅಲ್ಲಿ ಬಿನಾಲೆ ಎಂಬ ದೊಡ್ಡ ಕಲಾಮೇಳ ನಡೆಯುತ್ತದೆ. ನಾನು ಹೋಗಿ ನೋಡಿದ್ದೇನೆ, ಚೆನ್ನಾಗಿದೆ. ಆದರೂ ನಮ್ಮ ಗೋದಾಮಿನಲ್ಲಿ ಇನ್ನೂರು ರೂಪಾಯಿ ಕಾಫಿ ಮಾರುವುದು ನನಗೆ ಬೇಡ. ಮೂಟೆ ಹೊತ್ತವನೇ ಒಳಗೆ ಬರಲು ಹಿಂಜರಿಯುವ ಜಾಗ ಆಗಿಬಿಡುತ್ತದೆ. ಬಿತ್ತನೆ ಬೀಜದ ಅಂಗಡಿ ಆಗಲಿ, ಮಂಡಕ್ಕಿ ದಾಸ್ತಾನು ಆಗಲಿ, ಮಕ್ಕಳು ಓದುವ ಜಾಗ ಆಗಲಿ, ಈಗಿರುವ ಪ್ಲಾಸ್ಟಿಕ್ ಕೊಡವೇ ಆಗಲಿ. ಬಾಗಿಲು ದಿನಾ ತೆರೆಯಬೇಕು, ಅಷ್ಟೇ. ದಿನಾ ತೆರೆಯುವ ಕಟ್ಟಡದ ಸೋರಿಕೆ ಆ ದಿನವೇ ಗೊತ್ತಾಗುತ್ತದೆ.

ಅದೆಲ್ಲ ಆಗುವ ಹೊತ್ತಿಗೆ ನಾನು ಇರುತ್ತೇನೋ ಇಲ್ಲವೋ. ಇವತ್ತು ಆಗುವ ಕೆಲಸ ಒಂದಿದೆ, ಅಳೆಯುವುದು. ಹನ್ನೆರಡು ವರ್ಷದ ಹಿಂದೆ ಇದೇ ಪೇಟೆಯಲ್ಲಿ ಇದಕ್ಕಿಂತ ದೊಡ್ಡ ಹತ್ತಿ ಗೋದಾಮು ಒಂದಿತ್ತು. ಪರೀಕ್ಷೆ ಪೇಪರ್ ತಿದ್ದಿ ಮುಗಿಸಿ ಹೋಗೋಣ ಅಂತ ಮುಂದಕ್ಕೆ ಹಾಕಿದೆ. ಹೋದಾಗ ಜೆಸಿಬಿ ಕೆಲಸ ಮುಗಿಸಿ ಚಹಾ ಕುಡಿಯುತ್ತಿತ್ತು. ಅದರ ಒಂದು ಫೋಟೋ ಕೂಡ ನನ್ನ ಹತ್ತಿರ ಇಲ್ಲ. ಆದ್ದರಿಂದ ಡ್ರಾಯಿಂಗ್ ಕಲಿತ ಹುಡುಗರೇ, ಒಂದು ಟೇಪು, ಒಂದು ಪ್ಯಾಡು, ಇಬ್ಬರು ಸಾಕು. ಒಂದು ಗೋದಾಮಿಗೆ ಎರಡು ದಿನ.

ಇದಿಷ್ಟು ನನ್ನ ಮಾತು. ಮಾತಿನ ನಡುವೆ ಒಂದು ಕಡೆ ನಾನು ಜಂಬದಿಂದ ಹೇಳಿದ್ದೆ: ಕಟ್ಟೆಯ ಎತ್ತರ 3 ಅಡಿ 2 ಇಂಚು, ಎತ್ತಿನ ಗಾಡಿಯ ಹಲಗೆಯ ಎತ್ತರಕ್ಕೆ ಸರಿಯಾಗಿ ಕಟ್ಟಿದ್ದಾರೆ ಅಂತ. ಪ್ರಶ್ನೆ ಕೇಳಿ ಅಂದಾಗ ಹಿಂದಿನ ಸಾಲಿನಿಂದ ಒಬ್ಬರು ಎದ್ದರು. ಎಪ್ಪತ್ತು ದಾಟಿದವರು, ಬಿಳಿ ಟೋಪಿ. ನಲವತ್ತು ವರ್ಷ ಮಂಡಿಯಲ್ಲಿ ಹಮಾಲಿ ಮಾಡಿದವರಂತೆ.

"ಸಾಹೇಬ್ರೆ, ಕಟ್ಟೆ ಗಾಡಿ ಅಳತೆಗಲ್ಲ. ನಮ್ಮ ಬೆನ್ನಿನ ಅಳತೆಗೆ" ಅಂದರು.

ನನಗೆ ಅರ್ಥವಾಗಲಿಲ್ಲ. ಮರುದಿನ ಬೆಳಗ್ಗೆ ಬನ್ನಿ, ತೋರಿಸುತ್ತೇನೆ ಅಂದರು. ಹೋದೆ. ಕಟ್ಟೆಯ ಅಂಚಿಗೆ ಬೆನ್ನು ಮಾಡಿ, ಸ್ವಲ್ಪ ಕುಕ್ಕರಿಸಿ ನಿಂತರು. ಮೇಲೆ ಅಂಚಿನಲ್ಲಿ ಚೀಲ ಇದ್ದರೆ ಅದು ನೇರ ಬೆನ್ನಿಗೆ ಬರುತ್ತದೆ, ಎತ್ತಿಕೊಡಲು ಇನ್ನೊಬ್ಬ ಬೇಕಿಲ್ಲ. ಒಬ್ಬನೇ ಹೊತ್ತರೆ ಕೂಲಿ ಒಬ್ಬನಿಗೇ. ಹೇಳಿ ಮುಗಿಸಿ, ಅಂಚಿನ ಕಲ್ಲನ್ನು ಕೈಯಿಂದ ತಡವಿ ತೋರಿಸಿದರು. ಎರಡನೇ ಬಾಗಿಲಿನ ಎದುರಿಗೆ, ಎರಡು ಅಡಿ ಅಗಲದಷ್ಟು ಜಾಗದಲ್ಲಿ, ಕಲ್ಲು ಸವೆದು ಉರುಟಾಗಿತ್ತು. ನಾನು ಮೂರು ಸಲ ಅಳೆದ ಕಟ್ಟೆ ಅದು. ಟೇಪಿನ ಕೊಕ್ಕೆ ಅಲ್ಲಿ ನಿಲ್ಲುತ್ತಿರಲಿಲ್ಲ, ಜಾರುತ್ತಿತ್ತು. ಅದಕ್ಕೆ ಪ್ರತಿ ಸಲವೂ ಪಕ್ಕಕ್ಕೆ ಸರಿದು ಅಳೆದಿದ್ದೆ.